ಒಡವೆ ಒತ್ತೆಯಿಟ್ಟು ಉಳಿಸಿದ ಉಕ್ಕಿನ ಕಾರ್ಖಾನೆ

1924ರಲ್ಲಿ ಜಮ್‌ಶೆಡ್‌ಪುರದಿಂದ ಮುಂಬೈಗೆ ಒಂದು ತಂತಿ ಬಂತು. ಕಾರ್ಖಾನೆಯ ಕೆಲಸಗಾರರಿಗೆ ಸಂಬಳ ಕೊಡಲು ಸಾಕಷ್ಟು ಹಣವಿಲ್ಲ ಎಂಬುದು ಅದರ ಸಾರಾಂಶ. ವಿಚಿತ್ರವೆಂದರೆ, ಆ ಕಾರ್ಖಾನೆ ಅಷ್ಟು ದೊಡ್ಡದಾಗಿ ಅದುವರೆಗೆ ಎಂದೂ ಇರಲಿಲ್ಲ. ಹೊಸ ಕುಲುಮೆಗಳು, ಹೊಸ ರೋಲಿಂಗ್ ಮಿಲ್‌ಗಳು ಆಗಷ್ಟೇ ಎದ್ದು ನಿಂತಿದ್ದವು. ಯಂತ್ರವಿತ್ತು, ಅದಿರಿತ್ತು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೆಲಸಗಾರರಿದ್ದರು. ಹಾಕಿದ ಖರ್ಚು ಹುಟ್ಟುವಂತಹ ಬೆಲೆಗೆ ಕೊಳ್ಳುವವರು ಮಾತ್ರ ಇರಲಿಲ್ಲ.

ಆ ತಂತಿಯನ್ನು ಎದುರಿಸಬೇಕಾಗಿ ಬಂದವರು ಸರ್ ದೊರಾಬ್ಜಿ ಟಾಟಾ. ಟಾಟಾ ಎಂದಕೂಡಲೇ ನಮಗೆ ಜೆಮ್‌ಶೆಡ್ಜಿ, ಜೆ.ಆರ್.ಡಿ., ರತನ್ ಟಾಟಾ ಅವರ ಹೆಸರುಗಳು ನೆನಪಾಗುತ್ತವೆ. ಅಪ್ಪ ಕಂಡ ಕನಸನ್ನು ಕಾರ್ಖಾನೆಯಾಗಿ ಕಟ್ಟಿ, ಅದು ಮುಳುಗುವ ಹೊತ್ತಿನಲ್ಲಿ ತನ್ನದೆಲ್ಲವನ್ನೂ ಒತ್ತೆಯಿಟ್ಟ ಈ ಮಗನ ಬದುಕು ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಉದ್ಯಮದಲ್ಲಿ ಬೇಡಿಕೆಗಿಂತ ಉತ್ಪಾದನಾ ಸಾಮರ್ಥ್ಯ ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ನಾವು ಪಠ್ಯಪುಸ್ತಕದಲ್ಲಿ ಎರಡು ಪುಟಗಳಲ್ಲಿ ಓದಿ ಮುಗಿಸುತ್ತೇವೆ. ದೊರಾಬ್ಜಿ ಅದನ್ನು ಹತ್ತು ವರ್ಷ ಬದುಕಿದರು.

ದೊರಾಬ್ಜಿ ಹುಟ್ಟಿದ್ದು 1859ರ ಆಗಸ್ಟ್ 27ರಂದು, ಮುಂಬೈನಲ್ಲಿ. ಜೆಮ್‌ಶೆಡ್ಜಿ ಮತ್ತು ಹೀರಾಬಾಯಿ ದಂಪತಿಯ ಹಿರಿಯ ಮಗ. ಹದಿಹರೆಯದಲ್ಲೇ ಇಂಗ್ಲೆಂಡಿಗೆ ಹೋದರು. ಕೇಂಬ್ರಿಜ್‌ನಲ್ಲಿ ಎರಡು ವರ್ಷ ಇದ್ದರು. ಓದಿನಷ್ಟೇ ಆಟದಲ್ಲೂ ಹೆಸರು ಮಾಡಿದರು. ಮರಳಿ ಬಂದು ಮುಂಬೈನ ಸೇಂಟ್ ಕ್ಸೇವಿಯರ್ಸ್ ಕಾಲೇಜಿನಲ್ಲಿ 1882ರಲ್ಲಿ ಪದವಿ ಮುಗಿಸಿದರು. ಶ್ರೀಮಂತರ ಮಗನಾದರೂ ನೇರವಾಗಿ ಅಪ್ಪನ ಕುರ್ಚಿಯ ಪಕ್ಕ ಹೋಗಿ ಕೂರಲಿಲ್ಲ. ಮೊದಲು ಬಾಂಬೆ ಗೆಜೆಟ್ ಪತ್ರಿಕೆಯಲ್ಲಿ ಎರಡು ವರ್ಷ ವರದಿಗಾರಿಕೆ ಮಾಡಿದರು. ಆಮೇಲೆ ಅಪ್ಪ ಅವರನ್ನು ಪಾಂಡಿಚೇರಿಗೆ ಕಳಿಸಿ, ಅಲ್ಲೊಂದು ಬಟ್ಟೆ ಗಿರಣಿ ಹಾಕಿದರೆ ಲಾಭವಾದೀತೇ ಎಂದು ನೋಡಿ ಬರಲು ಹೇಳಿದರು. ಅಲ್ಲಿಂದ ನಾಗಪುರದ ಎಂಪ್ರೆಸ್ ಮಿಲ್‌ಗೆ ಹೋಗಿ ಗಿರಣಿಯ ಕೆಲಸ ಕಲಿತರು.

ಅವರ ಮದುವೆಗೆ ನಮ್ಮ ನಾಡಿನ ನಂಟಿದೆ. ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಉನ್ನತ ಅಧಿಕಾರಿಯಾಗಿದ್ದ ಎಚ್.ಜೆ. ಭಾಭಾ ಅವರು ಜೆಮ್‌ಶೆಡ್ಜಿಯವರ ಸ್ನೇಹಿತರು. ಮೈಸೂರಿಗೆ ಹೋದಾಗ ಅವರ ಮನೆಗೆ ಹೋಗಿ ಬಾ ಎಂದು ಅಪ್ಪ ಮಗನಿಗೆ ಹೇಳಿ ಕಳಿಸಿದ್ದರು. ಅಲ್ಲಿ ಭೇಟಿಯಾದ ಮೆಹರ್‌ಬಾಯಿ ಅವರನ್ನೇ ದೊರಾಬ್ಜಿ ಮದುವೆಯಾದರು. ಸೀರೆಯುಟ್ಟೇ ಟೆನಿಸ್ ಆಡಿ ಬಹುಮಾನ ಗೆಲ್ಲುತ್ತಿದ್ದ, ಬಾಲ್ಯವಿವಾಹದ ವಿರುದ್ಧ ದನಿಯೆತ್ತಿದ್ದ ಹೆಣ್ಣುಮಗಳು ಆಕೆ. ಆಕೆಯ ಅಣ್ಣ-ತಮ್ಮಂದಿರಲ್ಲಿ ಒಬ್ಬರ ಮಗನೇ ಮುಂದೆ ನಮ್ಮ ಅಣುವಿಜ್ಞಾನಿಯಾದ ಹೋಮಿ ಭಾಭಾ. ಹೆಂಡತಿಗೆಂದು ದೊರಾಬ್ಜಿ ಜುಬಿಲಿ ಎಂಬ ವಜ್ರವನ್ನು ಕೊಂಡರು. ದಕ್ಷಿಣ ಆಫ್ರಿಕಾದ ಗಣಿಯಲ್ಲಿ ಸಿಕ್ಕ ಆ ವಜ್ರದ ತೂಕ 245 ಕ್ಯಾರಟ್, ಅಂದರೆ ಕೊಹಿನೂರಿನ ಎರಡು ಪಟ್ಟಿಗಿಂತ ಹೆಚ್ಚು. ಈ ವಜ್ರ ಈ ಕತೆಯಲ್ಲಿ ಮತ್ತೆ ಬರುತ್ತದೆ.

ಜೆಮ್‌ಶೆಡ್ಜಿ ಅವರಿಗೆ ಭಾರತದಲ್ಲೇ ಉಕ್ಕು ಮಾಡಬೇಕೆಂಬ ಹಂಬಲ. ಅದಿರು ಹುಡುಕುವ ಕೆಲಸ ದೊರಾಬ್ಜಿಯವರ ಪಾಲಿಗೆ ಬಂತು. ಅಮೆರಿಕದಿಂದ ಬಂದ ಭೂವಿಜ್ಞಾನಿ ಸಿ.ಎಂ. ವೆಲ್ಡ್ ಜತೆ ಮಧ್ಯಪ್ರಾಂತದ ಕಾಡುಗಳಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಅಲೆದರು. ಚಾಂದಾ ಜಿಲ್ಲೆಯ ಅದಿರು ದೊಡ್ಡ ಕಾರ್ಖಾನೆಗೆ ಸಾಲದು ಎಂದು ಗೊತ್ತಾದಾಗ, ಹುಡುಕಾಟ ಕೈಬಿಡುತ್ತೇವೆಂದು ಅಧಿಕಾರಿಗಳಿಗೆ ತಿಳಿಸಲು ನಾಗಪುರಕ್ಕೆ ಹೋದರು. ಅಧಿಕಾರಿ ಇರಲಿಲ್ಲ. ಕಾಯುವ ಹೊತ್ತು ಕಳೆಯಲು ಎದುರಿಗಿದ್ದ ಮ್ಯೂಸಿಯಂಗೆ ಹೊಕ್ಕರು. ಅಲ್ಲಿದ್ದ ಭೂಗರ್ಭ ನಕ್ಷೆಯಲ್ಲಿ ದುರ್ಗ್ ಜಿಲ್ಲೆಯ ಒಂದು ಭಾಗ ಕಬ್ಬಿಣದ ಗುರುತಿನ ಗಾಢ ಬಣ್ಣದಲ್ಲಿ ಕಾಣಿಸಿತು. ಅದರ ಬೆನ್ನು ಹತ್ತಿ ಹೋದವರಿಗೆ ದಲ್ಲಿ-ರಾಜ್‌ಹರಾ ಬೆಟ್ಟಗಳು ಸಿಕ್ಕವು. ಕೊನೆಗೆ ಕಾರ್ಖಾನೆಗೆ ಆಧಾರವಾದದ್ದು ಮಾತ್ರ ಭೂವಿಜ್ಞಾನಿ ಪಿ.ಎನ್. ಬೋಸ್ 1904ರಲ್ಲಿ ಪತ್ರ ಬರೆದು ತಿಳಿಸಿದ ಮಯೂರ್‌ಭಂಜ್ ಸಂಸ್ಥಾನದ ಅದಿರು. ಅದೇ ವರ್ಷದ ಮೇ ತಿಂಗಳಲ್ಲಿ ಜೆಮ್‌ಶೆಡ್ಜಿ ಜರ್ಮನಿಯಲ್ಲಿ ತೀರಿಕೊಂಡರು. ಕಾರ್ಖಾನೆಯ ಒಂದು ಇಟ್ಟಿಗೆಯನ್ನೂ ಅವರು ನೋಡಲಿಲ್ಲ.

ಬಂಡವಾಳಕ್ಕೆ ದೊರಾಬ್ಜಿ ಮೊದಲು ಲಂಡನ್ನಿನ ಬಾಗಿಲು ತಟ್ಟಿದರು. ಅಲ್ಲಿನವರು ಹಣ ಕೊಡಲಿಲ್ಲ. ಆಗ ಸ್ವದೇಶಿ ಚಳವಳಿಯ ಕಾವು. 1907ರಲ್ಲಿ ಮುಂಬೈನಲ್ಲೇ ಷೇರು ಮಾರಾಟಕ್ಕಿಟ್ಟಾಗ ಮೂರು ವಾರಗಳಲ್ಲಿ ಸುಮಾರು 8,000 ಭಾರತೀಯರು ಪೂರ್ತಿ ಬಂಡವಾಳವನ್ನು ಕೊಟ್ಟರು. ಕಾಡಿನ ನಡುವಿನ ಸಾಕ್ಚಿ ಎಂಬ ಹಳ್ಳಿಯಲ್ಲಿ ಕಾರ್ಖಾನೆ ಎದ್ದಿತು. 1911ರ ಡಿಸೆಂಬರ್‌ನಲ್ಲಿ ಮೊದಲ ಬೀಡು ಕಬ್ಬಿಣ, 1912ರ ಫೆಬ್ರುವರಿಯಲ್ಲಿ ಮೊದಲ ಉಕ್ಕು ಹೊರಬಂತು. ಅದೇ ವರ್ಷ ಅಲ್ಲಿ ಎಂಟು ಗಂಟೆಗಳ ಕೆಲಸದ ದಿನವೂ ಜಾರಿಗೆ ಬಂತು.

ಎರಡೇ ವರ್ಷಕ್ಕೆ ಮೊದಲ ಮಹಾಯುದ್ಧ ಶುರುವಾಯಿತು. ಯುರೋಪಿನಿಂದ ಬರುತ್ತಿದ್ದ ಉಕ್ಕು ನಿಂತಿತು. ಸರ್ಕಾರಕ್ಕೆ ಮೆಸಪೊಟೇಮಿಯಾ, ಈಜಿಪ್ಟ್, ಪೂರ್ವ ಆಫ್ರಿಕಾಗಳಲ್ಲಿ ಹಳಿ ಹಾಸಲು ಕಂಬಿ ಬೇಕಾಯಿತು. ಸಾಕ್ಚಿಯಿಂದ ಸುಮಾರು 1,500 ಮೈಲಿ ಉದ್ದದ ಕಂಬಿಗಳೂ 3 ಲಕ್ಷ ಟನ್ ಉಕ್ಕೂ ಹೋದವು. ಕೃತಜ್ಞತೆಯಿಂದ ವೈಸ್‌ರಾಯ್ ಚೆಲ್ಮ್ಸ್‌ಫರ್ಡ್ 1919ರ ಜನವರಿಯಲ್ಲಿ ಖುದ್ದು ಬಂದು ಆ ಊರಿಗೆ ಜಮ್‌ಶೆಡ್‌ಪುರ ಎಂದು ಹೆಸರಿಟ್ಟರು.

ಆಗ ಎಷ್ಟು ಮಾಡಿದರೂ ಸಾಲದು ಎನ್ನುವಂತಹ ಕಾಲ. ವರ್ಷಕ್ಕೆ ಸುಮಾರು 1 ಲಕ್ಷ ಟನ್ ಸಿದ್ಧ ಉಕ್ಕು ಮಾಡುತ್ತಿದ್ದ ಕಾರ್ಖಾನೆಯನ್ನು 4 ಲಕ್ಷ ಟನ್ ದಾಟಿಸುವ ಭಾರಿ ವಿಸ್ತರಣೆಗೆ ದೊರಾಬ್ಜಿ ಮತ್ತು ಅವರ ಜತೆಗಾರರು ಯುದ್ಧ ನಡೆಯುತ್ತಿದ್ದಾಗಲೇ ಕೈಹಾಕಿದರು. ಆ ದಿನ ಯಾರೇ ಆ ಜಾಗದಲ್ಲಿ ಕೂತಿದ್ದರೂ ಇದೇ ತೀರ್ಮಾನ ಮಾಡುತ್ತಿದ್ದರೇನೋ. ಆದರೆ ಉಕ್ಕಿನ ಕಾರ್ಖಾನೆ ಎಂದರೆ ಬೀದಿಬದಿಯ ಗಾಡಿಯಲ್ಲ, ಇವತ್ತು ಜನ ಬಂದರು ಎಂದು ನಾಳೆಗೆ ಇನ್ನೊಂದು ಒಲೆ ಹಚ್ಚಲು. ಯಂತ್ರ ವಿದೇಶದಿಂದ ಹಡಗಿನಲ್ಲಿ ಬರಬೇಕು. ಅಡಿಪಾಯ ಹಾಕಬೇಕು, ಜನರನ್ನು ತರಬೇತು ಮಾಡಬೇಕು. ಅಂದುಕೊಂಡದ್ದಕ್ಕಿಂತ ಖರ್ಚು ಏರಿತು, ಸಮಯವೂ ಹಿಡಿಯಿತು. ಯುದ್ಧಕಾಲದ ಬೇಡಿಕೆ ನೋಡಿ ಶುರುಮಾಡಿದ ವಿಸ್ತರಣೆ ಮುಗಿಯುವ ಹಂತಕ್ಕೆ ಬಂದದ್ದು 1924ರ ಸುಮಾರಿಗೆ. ಯುದ್ಧ ಮುಗಿದು ಆಗಲೇ ಆರು ವರ್ಷ.

ಅಷ್ಟರಲ್ಲಿ ಜಗತ್ತೇ ಬದಲಾಗಿತ್ತು. ಯುದ್ಧದಲ್ಲಿ ಉಕ್ಕಿನ ಸಾಮರ್ಥ್ಯ ಹೆಚ್ಚಿಸಿಕೊಂಡದ್ದು ಟಾಟಾ ಒಬ್ಬರೇ ಅಲ್ಲ. ಬ್ರಿಟನ್ ಒಂದೇ ತನ್ನ ಸಾಮರ್ಥ್ಯವನ್ನು ವರ್ಷಕ್ಕೆ ಸುಮಾರು 80 ಲಕ್ಷ ಟನ್‌ನಿಂದ 120 ಲಕ್ಷ ಟನ್‌ಗೆ ಏರಿಸಿಕೊಂಡಿತ್ತು. ಬಂದೂಕು, ಹಡಗು, ಗುಂಡುಗಳ ಬೇಡಿಕೆ ನಿಂತಮೇಲೆ ಆ ಕುಲುಮೆಗಳೆಲ್ಲ ಕೊಳ್ಳುವವರನ್ನು ಹುಡುಕತೊಡಗಿದವು. ಬೆಲ್ಜಿಯಂ ದೇಶದ ನಾಣ್ಯದ ಬೆಲೆ ಕುಸಿದು, ಅಲ್ಲಿನ ಉಕ್ಕು ಮುಂಬೈ, ಕರಾಚಿ ಬಂದರುಗಳಿಗೆ ಅಗ್ಗದಲ್ಲಿ ಬಂದಿಳಿಯಿತು. ಭಾರತಕ್ಕೆ ಉಕ್ಕು ಬೇಡವಾಗಿರಲಿಲ್ಲ. ಜಮ್‌ಶೆಡ್‌ಪುರದ ಖರ್ಚು ಹುಟ್ಟುವ ಬೆಲೆಗೆ ಬೇಡವಾಗಿತ್ತು. ಅತ್ತ ರೈಲ್ವೆಗಳಿಗೆ ಹಳೆಯ ಕರಾರಿನ ಕಡಿಮೆ ದರದಲ್ಲಿ ಕಂಬಿ ಕೊಟ್ಟು, ಬೆಲೆ ಚೆನ್ನಾಗಿದ್ದ ದಿನಗಳಲ್ಲೂ ಕಂಪನಿ ಹೆಚ್ಚು ಕೂಡಿಟ್ಟುಕೊಂಡಿರಲಿಲ್ಲ. ಬೀಡು ಕಬ್ಬಿಣವನ್ನು ಹೆಚ್ಚಾಗಿ ಕೊಳ್ಳುತ್ತಿದ್ದ ಜಪಾನಿನಲ್ಲಿ 1923ರ ಸೆಪ್ಟೆಂಬರ್‌ನಲ್ಲಿ ಭೀಕರ ಭೂಕಂಪವಾಗಿ ಆ ವ್ಯಾಪಾರಕ್ಕೂ ಪೆಟ್ಟು ಬಿತ್ತು.

ಮಾರಾಟ ಇಲ್ಲದಿದ್ದರೆ ಕಾರ್ಖಾನೆ ನಿಲ್ಲಿಸಿ ಕಾಯಬಾರದೇ ಎಂದು ಕೇಳಬಹುದು. ಮಗ್ಗವನ್ನು ನಿಲ್ಲಿಸಬಹುದು, ಊದುಕುಲುಮೆಯನ್ನು, ಅಂದರೆ ಬ್ಲಾಸ್ಟ್ ಫರ್ನೇಸನ್ನು, ಹಾಗೆ ಮನಬಂದಂತೆ ನಿಲ್ಲಿಸಲಾಗದು. ಅದು ಹಗಲು ರಾತ್ರಿ ವರ್ಷಗಟ್ಟಲೆ ಉರಿಯಬೇಕಾದ ಯಂತ್ರ. ಸರಿಯಾಗಿ ಖಾಲಿ ಮಾಡದೆ ತಣಿಯಲು ಬಿಟ್ಟರೆ ಒಳಗಿನ ಕಬ್ಬಿಣ ಗಟ್ಟಿಯಾಗಿ ಕುಲುಮೆಯೇ ಹಾಳು. ಇನ್ನು ಲೆಕ್ಕವನ್ನು ನೋಡೋಣ. ದಿನಕ್ಕೆ 100 ಟನ್ ಮಾಡಬಲ್ಲ ಘಟಕಕ್ಕೆ ಸಾಲದ ಬಡ್ಡಿ, ಸವಕಳಿ, ನಿರ್ವಹಣೆ ಎಲ್ಲ ಸೇರಿ ದಿನಕ್ಕೆ 1,000 ರೂಪಾಯಿ ಸ್ಥಿರ ವೆಚ್ಚ ಎಂದಿಟ್ಟುಕೊಳ್ಳಿ. ಪೂರ್ತಿ 100 ಟನ್ ಮಾಡಿದರೆ ಟನ್ನಿಗೆ ಬೀಳುವ ಹೊರೆ 10 ರೂಪಾಯಿ. 40 ಟನ್ ಮಾತ್ರ ಮಾಡಿದರೆ ಅದು 25 ರೂಪಾಯಿ. ಕಡಿಮೆ ಮಾಡಿದಷ್ಟೂ ಪ್ರತಿ ಟನ್ ದುಬಾರಿ. ಹಾಗಾಗಿ ಪ್ರತಿಯೊಬ್ಬ ಮಾಲೀಕನೂ ಪೂರ್ತಿ ಉತ್ಪಾದನೆ ಮಾಡಿ, ಅದಿರು, ಕೋಕ್, ಕೂಲಿಯ ಖರ್ಚು ಬಂದರೆ ಸಾಕೆಂದು ಸಿಕ್ಕಿದ ಬೆಲೆಗೆ ಮಾರುತ್ತಾನೆ. ಎಲ್ಲರೂ ಹಾಗೇ ಮಾಡಿದಾಗ ಬೆಲೆ ಇನ್ನೂ ಕುಸಿಯುತ್ತದೆ. ಹೆಚ್ಚುವರಿ ಸಾಮರ್ಥ್ಯದ ಸುಳಿ ಎಂದರೆ ಇದೇ. ಒಬ್ಬೊಬ್ಬರಿಗೆ ಸರಿಯೆನಿಸಿದ ಲೆಕ್ಕ ಎಲ್ಲರನ್ನೂ ಸೇರಿಸಿ ಮುಳುಗಿಸುತ್ತದೆ.

ಇದೇ ಗಾಳಿ ನಮ್ಮ ಭದ್ರಾವತಿಗೂ ಬೀಸಿತು. ಯುದ್ಧಕಾಲದಲ್ಲಿ ಯೋಜಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡುವ ಹೊತ್ತಿಗೆ ಬೀಡು ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ಆಗ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಖರ್ಚು ಬಿಗಿ ಮಾಡಿ ಹಳಿಗೆ ತಂದವರು ಸರ್ ಎಂ. ವಿಶ್ವೇಶ್ವರಯ್ಯ. ಮುಂದೆ ಅವರು ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕರೂ ಆದರು. ಭದ್ರಾವತಿಯ ಬೆನ್ನಿಗೆ ಸಂಸ್ಥಾನದ ಖಜಾನೆಯಿತ್ತು. ಜಮ್‌ಶೆಡ್‌ಪುರದ ಬೆನ್ನಿಗೆ ಷೇರುದಾರರು ಮತ್ತು ದೊರಾಬ್ಜಿ ಮಾತ್ರ.

ಕಂಪನಿಯನ್ನು ಸರ್ಕಾರವೇ ವಹಿಸಿಕೊಳ್ಳಲಿ ಎಂಬ ಮಾತು ಒಂದು ಸಭೆಯಲ್ಲಿ ಬಂದಾಗ, ದೊರಾಬ್ಜಿಯವರ ಜತೆ ನಿಂತಿದ್ದ ಆರ್.ಡಿ. ಟಾಟಾ, ಅಂದರೆ ಜೆ.ಆರ್.ಡಿ. ಅವರ ತಂದೆ, ಮೇಜು ಗುದ್ದಿ ಎದ್ದು ನಿಂತು, ತಾವು ಬದುಕಿರುವ ತನಕ ಅದು ಆಗದು ಎಂದರಂತೆ. ಆದರೆ ಮೇಜು ಗುದ್ದಿದರೆ ಸಂಬಳದ ಹಣ ಹುಟ್ಟುವುದಿಲ್ಲ. ದೊರಾಬ್ಜಿ ಇಂಪೀರಿಯಲ್ ಬ್ಯಾಂಕಿಗೆ ಹೋದರು. ತಮ್ಮ ಸ್ವಂತ ಆಸ್ತಿ, ಸುಮಾರು 1 ಕೋಟಿ ರೂಪಾಯಿಯಷ್ಟನ್ನು, ಸಾಲಕ್ಕೆ ಒತ್ತೆಯಾಗಿ ಇಟ್ಟರು. ಅದರಲ್ಲಿ ಮೆಹರ್‌ಬಾಯಿ ಅವರ ಒಡವೆಗಳೂ ಆ ಜುಬಿಲಿ ವಜ್ರವೂ ಸೇರಿದ್ದವು. ಕಾನೂನಿನ ಪ್ರಕಾರ ಅವರು ಹಾಗೆ ಮಾಡಬೇಕಿರಲಿಲ್ಲ. ಲಿಮಿಟೆಡ್ ಕಂಪನಿ ಎಂದರೆ ಷೇರಿನಲ್ಲಿ ಹಾಕಿದ ಹಣಕ್ಕಷ್ಟೇ ಹೊಣೆ; ಕಂಪನಿ ಮುಳುಗಿದರೂ ಮನೆಯ ಪೆಟ್ಟಿಗೆಗೆ ಯಾರೂ ಕೈಹಾಕುವಂತಿಲ್ಲ. ಸಾಮರ್ಥ್ಯ ಹೆಚ್ಚಿಸುವ ತೀರ್ಮಾನ ಮಾಡಿದ್ದು ತಾವು, ಅದರ ಭಾರವೂ ತಮ್ಮದೇ ಎಂಬಂತೆ ದೊರಾಬ್ಜಿ ನಡೆದುಕೊಂಡರು.

ಒಡವೆಯಿಂದ ಕೊಂಡದ್ದು ಕಾಲಾವಕಾಶ ಮಾತ್ರ. ಕಾಯಿಲೆಗೆ ಮದ್ದು ಬೇರೆಯೇ ಬೇಕಿತ್ತು. ಆಮದು ಉಕ್ಕಿನ ಪ್ರಶ್ನೆಯನ್ನು 1923ರಲ್ಲಿ ರಚನೆಯಾದ ಸುಂಕ ಮಂಡಳಿ ವಿಚಾರಣೆ ಮಾಡಿತು. 1924ರ ಜೂನ್‌ನಲ್ಲಿ ಉಕ್ಕು ಉದ್ಯಮ ರಕ್ಷಣಾ ಕಾಯಿದೆ ಬಂದು, ವಿದೇಶಿ ಉಕ್ಕಿನ ಮೇಲೆ ಸುಂಕ ಬಿತ್ತು, ದೇಶದಲ್ಲಿ ಮಾಡಿದ ಕಂಬಿಗೆ ಸಹಾಯಧನ ಸಿಕ್ಕಿತು. ಜಮ್‌ಶೆಡ್‌ಪುರದ ಸುತ್ತಲೇ ಉಕ್ಕನ್ನು ಬಳಸುವ ಕಾರ್ಖಾನೆಗಳು ಬರುವಂತೆಯೂ ನೋಡಿಕೊಳ್ಳಲಾಗಿತ್ತು. ತಗಡು ತಯಾರಿಸುವ ಟಿನ್‌ಪ್ಲೇಟ್ ಕಂಪನಿ ಅಂತಹ ಒಂದು. ಕಂಪನಿ ಖರ್ಚು ಇಳಿಸಿತು. ಹೊಸ ಯಂತ್ರಗಳು ಪೂರ್ತಿ ಓಡತೊಡಗಿದಂತೆ ಟನ್ನಿನ ಮೇಲಿನ ಹೊರೆ ಕಡಿಮೆಯಾಯಿತು. ಮುಳುಗಿಸಲು ಹೊರಟಿದ್ದ ಅದೇ ವಿಸ್ತರಣೆ ನಿಧಾನವಾಗಿ ಕೈಹಿಡಿಯಿತು.

ಈ ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ಸತ್ಯವಾದೀತು. ಭಾರ ಹೊತ್ತವರು ಮಾಲೀಕರಷ್ಟೇ ಅಲ್ಲ. ಸಾಮಾನ್ಯ ಷೇರುದಾರರು ವರ್ಷಗಟ್ಟಲೆ ಲಾಭಾಂಶವಿಲ್ಲದೆ ಕಾದರು. ಸುಂಕದಿಂದ ದುಬಾರಿಯಾದ ಉಕ್ಕಿನ ಬೆಲೆಯನ್ನು ಕೊಳ್ಳುವ ಜನ ತೆತ್ತರು. ಖರ್ಚು ಇಳಿಸುವ ಕತ್ತರಿ ಕೊನೆಗೆ ಕೆಲಸಗಾರರ ಮೇಲೂ ಬಿತ್ತು. ಜನರನ್ನು ಕಡಿಮೆ ಮಾಡುವ ಕಂಪನಿಯ ಯೋಜನೆಯ ವಿರುದ್ಧ 1928ರಲ್ಲಿ ದೊಡ್ಡ ಮುಷ್ಕರವಾಗಿ, ತಿಂಗಳುಗಟ್ಟಲೆ ಕಾರ್ಖಾನೆ ತತ್ತರಿಸಿತು. ಕೆಲಸಗಾರರ ಪರವಾಗಿ ನಿಂತು ಒಪ್ಪಂದ ಮಾಡಿಸಿದವರು ಸುಭಾಷ್‌ಚಂದ್ರ ಬೋಸ್. ದೊರಾಬ್ಜಿಗೆ ಒತ್ತೆಯಿಡಲು ವಜ್ರವಿತ್ತು. ಕೆಲಸ ಕಳೆದುಕೊಂಡವನ ಬಳಿ ಅಂಥದ್ದೇನೂ ಇರಲಿಲ್ಲ. ಅತಿಯಾಗಿ ಕಟ್ಟಿದ ಸಾಮರ್ಥ್ಯದ ಬೆಲೆಯನ್ನು ಯಾರೋ ಒಬ್ಬರು ಕಟ್ಟಲೇಬೇಕು. ಯಾರು ಎಷ್ಟು ಕಟ್ಟಬೇಕು ಎಂಬುದೇ ಜಗಳ.

ಇಷ್ಟೆಲ್ಲದರ ನಡುವೆಯೂ ದೊರಾಬ್ಜಿ ಆಟವನ್ನು ಮರೆಯಲಿಲ್ಲ. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಭಾರತದ ತಂಡ ಹೋಗಲು ಹಣ ಕೊಟ್ಟು ನಿಂತವರು ಅವರೇ. ಭಾರತೀಯ ಒಲಿಂಪಿಕ್ ಸಂಸ್ಥೆಯ ಮೊದಲ ಅಧ್ಯಕ್ಷರೂ ಅವರೇ. ಅಪ್ಪನ ಇನ್ನೊಂದು ಕನಸಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಾಗದಲ್ಲಿ ನಿಜವಾಗಿಸಿದ್ದರಲ್ಲೂ ಅವರ ಪಾಲು ದೊಡ್ಡದು.

1931ರಲ್ಲಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ದಂಪತಿಗೆ ಮಕ್ಕಳಿರಲಿಲ್ಲ. ಮರುವರ್ಷ ದೊರಾಬ್ಜಿ ತಮ್ಮ ಆಸ್ತಿಯನ್ನೆಲ್ಲ ಒಂದು ಟ್ರಸ್ಟಿಗೆ ಬರೆದರು. ಬ್ಯಾಂಕಿನಿಂದ ಬಿಡಿಸಿಕೊಂಡಿದ್ದ ಜುಬಿಲಿ ವಜ್ರವೂ ಅದರಲ್ಲಿತ್ತು. ಹೆಂಡತಿಯ ಹೆಸರಿನಲ್ಲಿ ರಕ್ತದ ಕ್ಯಾನ್ಸರ್ ಸಂಶೋಧನೆಗೆ ಬೇರೊಂದು ಟ್ರಸ್ಟ್ ಮಾಡಿದರು. ಮೊದಲ ವರ್ಷದ ಸ್ಮರಣೆಗೆ ಆಕೆಯ ಸಮಾಧಿ ನೋಡಲು ಹೊರಟವರು, ದಾರಿಯಲ್ಲಿ ಜರ್ಮನಿಯ ಬಾಡ್ ಕಿಸಿಂಗನ್‌ನಲ್ಲಿ 1932ರ ಜೂನ್ 3ರಂದು ಕೊನೆಯುಸಿರೆಳೆದರು. ಇಂಗ್ಲೆಂಡಿನ ಬ್ರುಕ್‌ವುಡ್‌ನಲ್ಲಿ ಇಬ್ಬರ ಸಮಾಧಿಗಳೂ ಅಕ್ಕಪಕ್ಕ ಇವೆ. ಆಮೇಲೆ ವಜ್ರ ಮಾರಾಟವಾಗಿ ಹಣ ಟ್ರಸ್ಟಿಗೆ ಸೇರಿತು. ಆ ಟ್ರಸ್ಟಿನ ನೆರವಿನಿಂದಲೇ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಟಾಟಾ ಕ್ಯಾನ್ಸರ್ ಆಸ್ಪತ್ರೆಗಳು ಬಂದವು. ಮೆಹರ್‌ಬಾಯಿ ಅವರ ಸೋದರಳಿಯ ಹೋಮಿ ಭಾಭಾ 1945ರಲ್ಲಿ ಬೆಂಗಳೂರಿನಲ್ಲೇ ಶುರುಮಾಡಿ ಮುಂಬೈಗೆ ಒಯ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಬಂತು. 1930ರ ದಶಕದ ಕೊನೆಗೆ ದೇಶಕ್ಕೆ ಬೇಕಾದ ಉಕ್ಕಿನ ದೊಡ್ಡ ಪಾಲನ್ನು ಜಮ್‌ಶೆಡ್‌ಪುರವೇ ಕೊಡುತ್ತಿತ್ತು. ಹೆಚ್ಚಾಯಿತು ಎಂದಿದ್ದ ಸಾಮರ್ಥ್ಯ ಸಾಲದಾಗುವ ಆ ದಿನವನ್ನು ನೋಡಲು ದೊರಾಬ್ಜಿ ಇರಲಿಲ್ಲ.

ಎಂಜಿನಿಯರಿಂಗ್ ಓದುತ್ತಿರುವ ನನಗೆ ಈ ಬದುಕು ಬೇರೆ ಕಾರಣಕ್ಕೂ ಹತ್ತಿರವೆನಿಸುತ್ತದೆ. ಪಿಯುಸಿ ಮುಗಿದಾಗ ಯಾವ ಬ್ರಾಂಚ್‌ಗೆ ಬೇಡಿಕೆಯಿದೆ ಎಂದು ನೋಡಿ ನಾವೆಲ್ಲ ಒಂದೇ ಬಾಗಿಲಿಗೆ ನುಗ್ಗುತ್ತೇವೆ. ನಾಲ್ಕು ವರ್ಷ ಕಳೆದು ಹೊರಬರುವ ಹೊತ್ತಿಗೆ ಆ ಬೇಡಿಕೆ ಅಲ್ಲೇ ಇರಬೇಕೆಂದೇನಿಲ್ಲ. ಕುಲುಮೆ ಕಟ್ಟಿದವರಿಗೂ ಕೋರ್ಸ್ ಆರಿಸಿದವರಿಗೂ ತೊಂದರೆ ಒಂದೇ: ತೀರ್ಮಾನ ಇವತ್ತಿನ ಮಾರುಕಟ್ಟೆ ನೋಡಿ, ಫಲ ನಾಳಿನ ಮಾರುಕಟ್ಟೆಯಲ್ಲಿ. ಹಾಗೆಂದು ಕಲಿತದ್ದು ವ್ಯರ್ಥ ಎಂದು ಕೈಚೆಲ್ಲಿ ಕೂರಬೇಕಿಲ್ಲ. ದೊರಾಬ್ಜಿ ಕಾರ್ಖಾನೆಯನ್ನು ಮಾರಲಿಲ್ಲ, ಮುಚ್ಚಲಿಲ್ಲ. ಸ್ವಲ್ಪ ಕಾಲವನ್ನು ಸಂಪಾದಿಸಿಕೊಂಡು, ಆ ಕಾಲದಲ್ಲಿ ಖರ್ಚು ಇಳಿಸಿ, ಹೊಸ ಬಳಕೆ ಹುಡುಕಿದರು. ಕೆಲಸ ಸಿಗದೆ ಕಾಯುತ್ತಿರುವ ಗೆಳೆಯರು ಕಾಯುವ ದಿನಗಳನ್ನು ಹೀಗೆ ಬಳಸಿಕೊಳ್ಳಬಹುದೇ ಎಂದು ಒಮ್ಮೆ ಯೋಚಿಸಲಿ. ಮುಂದೊಂದು ದಿನ ನಮ್ಮಲ್ಲಿ ಯಾರಾದರೂ ಕಾರ್ಖಾನೆಯನ್ನು ದೊಡ್ಡದು ಮಾಡುವ ಕಡತಕ್ಕೆ ಸಹಿ ಹಾಕುವ ಜಾಗದಲ್ಲಿ ಕೂತರೆ, ಲೆಕ್ಕ ತಪ್ಪಿದಾಗ ನಾನು ಏನನ್ನು ಒತ್ತೆಯಿಡಬಲ್ಲೆ ಎಂದು ಮೊದಲು ಕೇಳಿಕೊಂಡು ಪೆನ್ನು ತೆಗೆಯಲಿ.